ಮುಂಗಾಲಿಗಳು ಗಾಳಿಯಲ್ಲಿ

ರೂಬಿಯೆಲಾಳ ಜೀಪಿಗೆ ಸ್ಟಿಯರಿಂಗ್ ಇರಲಿಲ್ಲ. ಕೈಯಲ್ಲಿ ಹಿಡಿಯುವ ಚಕ್ರವಿತ್ತು, ಅದರ ಕೆಳಗಿನ ಸರಳೂ ಇತ್ತು. ತಿರುವನ್ನು ಎರಡೂ ಮುಂಗಾಲಿಗಳಿಗೆ ಹಂಚುವ ಅಂಗೈಯಗಲದ ಕಬ್ಬಿಣದ ತುಂಡು ಮಾತ್ರ ಮುರಿದಿತ್ತು. ಊರಿನವರು ಅದನ್ನು ಮೊಣಕೈ ಎನ್ನುತ್ತಿದ್ದರು. ಅದಿಲ್ಲದಿದ್ದರೆ ಚಕ್ರ ಬಲಕ್ಕೆ ತಿರುಗಿಸಿದರೂ ಗಾಲಿ ತನಗಿಷ್ಟ ಬಂದ ಕಡೆ ಹೋಗುತ್ತದೆ.

ಗಾಡಿ 1954ರ ವಿಲ್ಲಿಸ್. ನಾಲ್ಕೂ ಗಾಲಿ ಎಳೆಯುವ ಇಂಥ ಗಾಡಿ ಬಿಟ್ಟರೆ ಆಲ್ಟೊ ಬೊನೀಟೊ ಬೆಟ್ಟವನ್ನು ಬೇರೇನೂ ಹತ್ತುವುದಿಲ್ಲ. ಶನಿವಾರ ಮುಂಜಾನೆ ಚೌಕದಿಂದ ಜನ, ಅಕ್ಕಿ, ಕೋಳಿ ತುಂಬಿಕೊಂಡು ಹೋಗುವುದು, ಕಾಫಿ ಚೀಲ ಹೇರಿಕೊಂಡು ಇಳಿಯುವುದು. ಆ ದಾರಿ ರೂಬಿಯೆಲಾಳದು. ಆದರೆ ಚಾಲಕರ ಕಟ್ಟುಪಾಡು ಕಟ್ಟುನಿಟ್ಟು: ಸತತ ಮೂರು ಶನಿವಾರ ತಪ್ಪಿಸಿದವರ ದಾರಿ ಇನ್ನೊಬ್ಬರಿಗೆ. ಅವಳು ಆಗಲೇ ಎರಡು ತಪ್ಪಿಸಿದ್ದಳು. ಅದೂ ಕೊಯ್ಲಿನ ಕಾಲದಲ್ಲಿ.

ಹತ್ತಿರದ ಅರ್ಮೇನಿಯಾ ಪೇಟೆಯ ಗುಜರಿಗಳನ್ನೆಲ್ಲ ಅವಳು ಜಾಲಾಡಿದಳು. ಒಬ್ಬ ಫಳಫಳ ಹೊಳೆಯುವ ಹೊಸ ಮೊಣಕೈ ತೋರಿಸಿದ. ಅದು ಒಂದು ಬೆರಳು ಗಿಡ್ಡ.

"ಸ್ವಲ್ಪ ಎಳೆದು ಕೂರಿಸ್ಕೊಳ್ಳಿ ಮೇಡಂ."

"ನಿನ್ನ ಕಾಲು ಒಂದು ಬೆರಳು ಗಿಡ್ಡ ಮಾಡ್ತೀನಿ, ಎಳೆದು ನಡಕೊಂಡು ಹೋಗು."

ಇನ್ನೊಬ್ಬನ ಅಂಗಡಿಯಲ್ಲಿ ಸರಿಯಾದದ್ದೇ ಸಿಕ್ಕಿತು, ಮೂರು ಕಡೆ ಬೆಸುಗೆ ಹಾಕಿದ್ದು. ಅದನ್ನು ನಂಬಿ ಆ ಬೆಟ್ಟ ಇಳಿಯುವುದಕ್ಕಿಂತ ಮನೆಯಲ್ಲಿರುವುದು ಮೇಲು ಎಂದು ಅವಳು ಬರಿಗೈಲಿ ಬಂದಳು.

"ಗಿಲ್ದಾರ್ದೊನ ಗಾಡೀಲಿ ಒಂದಿದೆ ನೋಡು," ಎಂದ ಮೆಕ್ಯಾನಿಕ್ ಅರ್ಸೇಸಿಯೊ. "ತುಕ್ಕಿಲ್ಲ, ಸವೆತ ಇಲ್ಲ."

ಗಿಲ್ದಾರ್ದೊನ ಜೀಪು ದುಡಿಯುವ ಜೀಪಲ್ಲ. ಹಬ್ಬದ ಸ್ಪರ್ಧೆಗೆಂದೇ ಸಾಕಿದ್ದು. ಹಿಂದೆ ಬಾಳೆಗೊನೆ, ಚೀಲ, ಮಂಚ, ಬೀರು ಎಲ್ಲ ಹೇರಿ, ಅದರ ಮೇಲೆ ಜನ ಜೋತುಬಿದ್ದರೆ ಮುಂಭಾಗ ಆಕಾಶಕ್ಕೆ ಏಳುತ್ತದೆ. ಮೊದಲ ಗೇರಿನಲ್ಲಿ ಹಿಂಗಾಲಿಗಳ ಮೇಲೆ ಅದು ಬುಗುರಿಯಂತೆ ಸುತ್ತುತ್ತಿದ್ದರೆ ಚಾಲಕ ಕೆಳಗಿಳಿದು ಟೋಪಿ ಬೀಸುತ್ತಾನೆ.

"ಹಬ್ಬ ಇರೋದೂ ಶನಿವಾರವೇ ಕಣೆ. ನಿನಗೆ ಕೊಟ್ಟು ನಾನೇನು ಮಾಡ್ಲಿ?" ಎಂದ ಗಿಲ್ದಾರ್ದೊ.

"ನಿನ್ನ ಮುಂಗಾಲಿ ಗಾಳೀಲಿರುತ್ತಲ್ಲೋ ಮಾರಾಯ. ಗಾಳೀಲಿರೋ ಗಾಲಿಗೆ ಸ್ಟಿಯರಿಂಗ್ ಯಾಕೆ?"

ಅವನು ಕಪ್ಪು ಕಾಫಿ ಹೀರುತ್ತ ಯೋಚಿಸಿದ. ತಪ್ಪು ಹುಡುಕಿದ, ಸಿಗಲಿಲ್ಲ.

"ಸರಿ. ನನ್ನ ಗಾಡಿಗೆ ಗೀರು ಬಿದ್ರೂ ಬೆಟ್ಟದ ದಾರಿ ನನ್ನದು."

"ಬಿದ್ರೆ ತಗೋ. ಮೀಸೆಗೆ ಕಾಫಿ ಅಂಟಿದೆ, ಮೊದಲು ಒರೆಸ್ಕೋ."

ಶನಿವಾರ ಬೆಳಕು ಹರಿಯುವ ಮೊದಲೇ ಅವಳು ಬೆಟ್ಟ ಹತ್ತಿದಳು. ಎರಡು ವಾರದಿಂದ ಕಾದಿದ್ದ ಜನ ಬೈಯುತ್ತಲೇ ಹತ್ತಿಕೊಂಡರು. ಮೊಣಕೈ ಬೆಣ್ಣೆಯಂತೆ ತಿರುಗಿತು. ಮಧ್ಯಾಹ್ನ ಕಾಫಿ ಇಳಿಸಿ ಚೌಕಕ್ಕೆ ಬಂದಾಗ ದಾರಿ ಅವಳದಾಗಿಯೇ ಉಳಿದಿತ್ತು. ತುಂಡನ್ನು ಬಿಚ್ಚಿ ಗಿಲ್ದಾರ್ದೊನ ಗಾಡಿಗೆ ಮರಳಿ ಕೂರಿಸಲು ಅರ್ಧ ದಿನ ಬೇಕು, ನಾಳೆ ಮಾಡೋಣ ಎಂದ ಅರ್ಸೇಸಿಯೊ.

ಸ್ಪರ್ಧೆಗೆಂದು ಗಿಲ್ದಾರ್ದೊನ ಜೀಪನ್ನು ಹಗ್ಗ ಕಟ್ಟಿ ಚೌಕಕ್ಕೆ ಎಳೆದು ತಂದರು. ಇಕ್ಕೆಲಗಳಲ್ಲಿ ಇಬ್ಬರು ನಡೆಯುತ್ತ ಗಾಲಿಗಳನ್ನು ಒದ್ದು ಒದ್ದು ನೇರ ಮಾಡುತ್ತಿದ್ದರು.

"ಹಿಂದೆ ಭಾರ ಕಡಿಮೆ ಆಯ್ತು, ಬಾರೆ!" ಎಂದು ಗಿಲ್ದಾರ್ದೊ ಕೂಗಿದ.

"ನನ್ನ ನೋಡಿದ ತಕ್ಷಣ ಭಾರ ನೆನಪಾಯ್ತಾ ನಿನಗೆ?" ಎನ್ನುತ್ತ ಅವಳೂ ಉಳಿದವರ ಜೊತೆ ಹಿಂದೆ ಜೋತುಬಿದ್ದಳು.

ಜೀಪು ಎದ್ದಿತು. ಒಂದು ಸುತ್ತು, ಇನ್ನೊಂದು ಸುತ್ತು. ಗಿಲ್ದಾರ್ದೊ ಕೆಳಗೆ ನಿಂತು ಟೋಪಿ ಬೀಸಿದ. ಜನ ಹುಚ್ಚೆದ್ದರು. ಎಂಜಿನ್ ಆರಿಸಿದ ಮೇಲೆಯೇ ಹಿಂದಿನವರು ಕೈಬಿಡಬೇಕು. ಇದು ಅಲ್ಲಿನ ಕೂಸಿಗೂ ಗೊತ್ತು. ಆದರೆ ಅಷ್ಟರಲ್ಲಿ ಮೈಕಿನವನು, "ಮೊದಲ ಬಹುಮಾನ ಗಿಲ್ದಾರ್ದೊಗೆ!" ಎಂದುಬಿಟ್ಟ. ಚಪ್ಪಾಳೆ ಹೊಡೆಯಲು ಎರಡು ಕೈ ಬೇಕು. ಎಲ್ಲರೂ ಕೈಬಿಟ್ಟರು. ರೂಬಿಯೆಲಾಳೂ ಬಿಟ್ಟಳು.

ಮುಂಗಾಲಿಗಳು ದೊಪ್ಪನೆ ನೆಲಕ್ಕೆ ಬಿದ್ದವು. ಒಂದು ಚರ್ಚಿನ ಕಡೆ, ಇನ್ನೊಂದು ಬ್ಯಾಂಕಿನ ಕಡೆ ಮುಖ ಮಾಡಿತು. ಗಿಲ್ದಾರ್ದೊ ಹಾರಿ ಹತ್ತಿ ಚಕ್ರ ಹಿಡಿದು ಜೋರಾಗಿ ತಿರುಗಿಸಿದ. ಅದು ಆಟಿಕೆಯ ಹಾಗೆ ತಿರುಗಿತು. ಜೀಪು ಆತುರವಿಲ್ಲದೆ ಎಂಪನಾಡ ಕಡುಬು ಕರಿಯುವ ನೂಬಿಯಾಳ ತಳ್ಳುಗಾಡಿಯನ್ನು ತಳ್ಳಿಕೊಂಡು ಹೋಗಿ ಕಾರಂಜಿಯ ಕಟ್ಟೆಗೆ ಮೂಗು ಜಜ್ಜಿ ನಿಂತಿತು. ನೂಬಿಯಾ ಬಾಣಲೆ ಸೌಟಿನೊಂದಿಗೆ ಆಗಲೇ ದೂರ ಓಡಿದ್ದಳು.

"ಬ್ರೇಕ್ ಇತ್ತಲ್ಲೋ!" ಎಂದಳು ರೂಬಿಯೆಲಾ.

"ಗಾಬರೀಲಿ ಮರೆತೆ ಕಣೆ," ಎಂದ ಗಿಲ್ದಾರ್ದೊ. ಬಗ್ಗಿ ಬಂಪರ್ ಸವರಿದ. "ಇದನ್ನ ಗೀರು ಅಂತೀಯಾ, ಇಲ್ವಾ?"

ಅವಳು ನೋಡಿದಳು.

"ಅಂತೀನಿ," ಎಂದಳು.

ಅಂದಿನ ನಷ್ಟದ ಲೆಕ್ಕ: ಎರಡು ಹೆಡ್‌ಲೈಟು, ಒಂದು ರೇಡಿಯೇಟರು, ಐದು ಬಾಳೆಗೊನೆ, ಒಂದು ತಟ್ಟೆ ಎಂಪನಾಡ, ಬೆಟ್ಟದ ಒಂದು ದಾರಿ.