ನಲವತ್ತೊಂದನೇ ನಂಬರಿನ ಕತೆ

ಗಲ್ಲದ ಕೆಳಗಿಂದ ತಂದ ಬಿಳಿ ಪಟ್ಟಿಯನ್ನು ಸಿದ್ದಪ್ಪ ಗೋಡೆಯ ಮೊಳೆಗೆ ಎರಡು ಸುತ್ತು ಸುತ್ತಿ ಜಗ್ಗಿದ. ಬಾಗುತ್ತಿದ್ದ ಅಕ್ಕನ ತಲೆ ನೆಟ್ಟಗಾಯಿತು. ಬಾಯಿ ಮುಚ್ಚಿತು.

“ಮಾವಾ, ಸ್ವಲ್ಪ ಸಡ್ಲ ಮಾಡು. ಅವ್ವಗ ಬಿಗಿ ಆಗತೈತಿ,” ಎಂದಳು ಸಮೃದ್ಧಿ.

“ಸಡ್ಲ ಬಿಟ್ರ ಬಾಯಿ ತಗೀತೈತವಾ. ಮಂದಿ ಬರೂ ಹೊತ್ತು, ಛಲೋ ಕಾಣೂದಿಲ್ಲ.”

ಸತ್ತ ಮೇಲೂ ಹೆಂಗಸಿನ ಬಾಯಿಗೆ ಮಂದಿಯ ಅಂಜಿಕೆ.

ಪ್ರಮಿಳಾಳನ್ನು ಗೋಡೆಗೆ ಆನಿಸಿ, ಕಾಲು ಮಡಚಿ ಕೂಡ್ರಿಸಿದ್ದರು. ಹಣೆ ತುಂಬ ವಿಭೂತಿ, ಎಡಗೈಯಲ್ಲಿ ಲಿಂಗ, ಮಡಿಲಲ್ಲಿ ಸೇವಂತಿಗೆ. ಬಾಗಿಲ ಹೊರಗೆ ಹೆಣ ಹೊರುವ ಬಿದಿರಿನ ವಿಮಾನಕ್ಕೆ ಹೂ ಕಟ್ಟುತ್ತಿದ್ದರು. ಮೂಲೆಯಲ್ಲಿ ಭಜನೆಯವರು ತಾಳ ಬಡಿಯುತ್ತಿದ್ದರು. ಖಾನಾಪುರದ ಈ ಓಣಿಯಲ್ಲಿ ಅವಳು ಇಷ್ಟು ಹೊತ್ತು ಸುಮ್ಮನೆ ಕುಳಿತದ್ದನ್ನು ಯಾರೂ ಕಂಡವರಲ್ಲ. ಮುಂಜಾನೆಯ ಬಸ್ಸಿಗೆ ಬೆಳಗಾವಿ, ರವಿವಾರ ಪೇಟೆಯ ಕಾಳಿನ ಅಂಗಡಿಗಳ ಮೇಲಿನ ವಾಚನಾಲಯ, ಸಂಜೆಯ ಬಸ್ಸಿಗೆ ವಾಪಸು. ಇಪ್ಪತ್ತಾರು ವರ್ಷ ಹಾಗೆಯೇ. ನಿನ್ನೆ ಸಂಜೆಯ ಬಸ್ಸಿನಲ್ಲಿ ಎದೆ ಹಿಡಿದುಕೊಂಡವಳು ಇಳಿಯಲಿಲ್ಲ, ಇಳಿಸಬೇಕಾಯಿತು.

“ಪುಸ್ತಕದ ಧೂಳಾ ಝಾಡಿಸಿ ಝಾಡಿಸಿ ಎದಿ ತುಂಬಿ ಹೋತು ನನ್ನ ಮಗಳದು,” ಎಂದು ಅತ್ತಳು ಬಾಜೂ ಮನೆಯ ಸಂಗವ್ವ. ಎಪ್ಪತ್ತು ದಾಟಿದ ಅವಳು ಹೆಣದ ಕಾಲ ಬಳಿ ಕಾಲು ಚಾಚಿ ಕುಳಿತಿದ್ದಳು. “ಅಷ್ಟ ಪುಸ್ತಕ ಇದ್ದೂ ಒಂದರಾಗೂ ಔಷಧ ಬರದಿರಲಿಲ್ಲೇನ?”

“ಆಯಿ, ಹೆಣದ ಮುಂದ ಎಂಥಾ ಮಾತು ತಗೀತಿ?” ಎಂದಳು ಎದುರು ಮನೆಯ ಶಾಹಜಾದಿ, ಅಳುತ್ತಲೇ ನಕ್ಕು.

ಸಮೃದ್ಧಿ ಯಾರನ್ನೂ ನೋಡಲಿಲ್ಲ. ಅವಳ ತಲೆಯಲ್ಲಿ ಒಂದೇ ಮಾತು ಬಡಿಯುತ್ತಿತ್ತು: ‘ನಾ ಇರೂತನಾ ಬಾಯಿ ಬಿಡಬ್ಯಾಡ.’ ಅವ್ವ ಹಾಕಿಸಿಕೊಂಡ ಆಣೆ ನಿನ್ನೆ ಸಂಜೆಗೆ ಮುಗಿದಿತ್ತು. ಇನ್ನು ಕೆಲವೇ ತಾಸು. ಅಷ್ಟರೊಳಗೆ ಹೇಳದಿದ್ದರೆ, ಅವ್ವನ ಜೊತೆ ಅದಕ್ಕೂ ಮಣ್ಣು.

*

ವಾಚನಾಲಯದ ವಾರ್ಷಿಕ ಕಥಾಸ್ಪರ್ಧೆ ಬೆಳಗಾವಿಯಲ್ಲಿ ಹೆಸರಾದದ್ದು ಒಂದೇ ಕಾರಣಕ್ಕೆ: ಅಲ್ಲಿ ಮೋಸವಿಲ್ಲ. ಬಂದ ಕತೆಗಳನ್ನೆಲ್ಲ ಒಬ್ಬರೇ ನಕಲು ಮಾಡಬೇಕು. ಅಕ್ಷರ ನೋಡಿ ತೀರ್ಪುಗಾರರಿಗೆ ಗುರುತು ಸಿಗಬಾರದು. ನಕಲಾದ ಮೇಲೆ ಮೂಲ ಕಾಗದ ಸುಟ್ಟುಬಿಡಬೇಕು. ಕತೆಗೊಂದು ನಂಬರು, ಅದೇ ನಂಬರಿನ ಲಕೋಟೆಯೊಳಗೆ ಬರೆದವರ ಹೆಸರು. ಲಕೋಟೆ ಒಡೆಯುವುದು ವೇದಿಕೆಯ ಮೇಲೆ, ಎಲ್ಲರೆದುರು.

ನಕಲು ಮಾಡುತ್ತಿದ್ದವಳು ಪ್ರಮಿಳಾ. ಕಸ ಗುಡಿಸಿ, ಚಹಾ ಮಾಡಿ, ಪತ್ರಿಕೆಗಳನ್ನು ಕೋಲಿಗೆ ಸಿಕ್ಕಿಸಿ, ಉಳಿದ ಹೊತ್ತಿನಲ್ಲಿ ಊರಿನ ಪ್ರತಿಭೆಯನ್ನೆಲ್ಲ ತನ್ನ ದುಂಡು ಅಕ್ಷರದಲ್ಲಿ ಇಳಿಸುತ್ತಿದ್ದಳು. ಊರು ಹೊಗಳುತ್ತಿದ್ದ ಆ ನಿಷ್ಪಕ್ಷಪಾತ ನಿಂತದ್ದು ಒಬ್ಬ ಹೆಂಗಸಿನ ಬೆರಳಿನ ಗಂಟುಗಳ ಮೇಲೆ. ನಿಯಮಗಳ ಪಟ್ಟಿಯನ್ನೂ ಪ್ರತಿವರ್ಷ ಅವಳೇ ಬರೆದು ಅಂಟಿಸುತ್ತಿದ್ದಳು. ಏಳನೆಯದು: ವಾಚನಾಲಯದ ನೌಕರರು ಭಾಗವಹಿಸತಕ್ಕದ್ದಲ್ಲ, ಕಂಡುಬಂದಲ್ಲಿ ಕೆಲಸದಿಂದ ತೆಗೆಯಲಾಗುವುದು.

ಹದಿನೆಂಟು ವರ್ಷದ ಹಿಂದೆ ನಲವತ್ತು ಕತೆ ಬಂದವು. ಪ್ರಮಿಳಾ ನಲವತ್ತೊಂದನ್ನು ಕಳಿಸಿದಳು.

ರವಿವಾರ ಮಧ್ಯಾಹ್ನ ಇದೇ ಕೋಣೆಯಲ್ಲಿ ನೆಲಕ್ಕೆ ಕೂತು ಬರೆಯುತ್ತಿದ್ದ ಅವ್ವನನ್ನು ಹನ್ನೊಂದು ವರ್ಷದ ಸಮೃದ್ಧಿ ಕೇಳಿದ್ದಳು: “ಮೂಲ ಕಾಗದ ಎಲ್ಲೈತವಾ? ನೋಡದ ಹೆಂಗ ನಕಲ ಮಾಡಾಕತ್ತಿ?”

“ಇದು ಒಬ್ಬಾಕಿ ಬಾಯಿಲೆ ಹೇಳ್ಯಾಳ.”

ನಲವತ್ತೊಂದನೇ ಲಕೋಟೆಯಲ್ಲಿ ಅವಳು ಇಟ್ಟದ್ದು ಖಾಲಿ ಚೀಟಿ. ಬಹುಮಾನ ಬೇಕಿರಲಿಲ್ಲ. ಯಾರಾದರೂ ಒಮ್ಮೆ ಓದಲಿ ಎಂದಷ್ಟೇ ಇತ್ತು.

ಕತೆಯ ಹೆಸರು ‘ತಗಡು’. ಮೊದಲ ಬಹುಮಾನ ಅದಕ್ಕೇ ಬಂತು. ವೇದಿಕೆಯ ಮೇಲೆ ಅಧ್ಯಕ್ಷ ಬಸಲಿಂಗಪ್ಪ ಲಕೋಟೆ ಒಡೆದರು, ಚೀಟಿ ತಿರುವಿ ಮುರುವಿ ನೋಡಿದರು. “ಯಾರೋ ಗಡಿಬಿಡಿಯೊಳಗ ಹೆಸರ ಬರಿಯೂದ ಮರತಾರ. ಬರದವರು ಎದ್ದು ನಿಂದರ್ರಿ.” ಸಭೆ ಮಿಸುಕಲಿಲ್ಲ. ಪ್ರಮಿಳಾ ಹಿಂದೆ ಚಹಾದ ಕಿಟ್ಲಿ ಹಿಡಿದು ನಿಂತಿದ್ದಳು. ಅಧ್ಯಕ್ಷರ ಕಣ್ಣು ಎರಡನೇ ಸಾಲಿನಲ್ಲಿದ್ದ ತಂಗಿಯ ಮಗನ ಮೇಲೆ ಬಿತ್ತು. “ಅನಿಕೇತ, ನೀನೂ ಒಂದು ಕತಿ ಕೊಟ್ಟಿದ್ದಿ. ನಿಂದೇನಪಾ?”

ಅನಿಕೇತನ ಕತೆಯ ನಂಬರು ಬೇರೆ. ಇಲ್ಲ ಅನ್ನಲು ಅವನಿಗೆ ಒಂದು ಉಸಿರಿನಷ್ಟು ಹೊತ್ತಿತ್ತು. ಅಷ್ಟರಲ್ಲಿ ಯಾರೋ ಚಪ್ಪಾಳೆ ಹೊಡೆದರು. ಅವನು ಎದ್ದು ನಿಂತ.

ಶಾಲು, ಹಾರ, ಫೋಟೋ. ಅವನ ಸ್ವಂತ ಕತೆ ಬಿದ್ದುಹೋದ ಕಟ್ಟಿನಲ್ಲಿ ಉಳಿಯಿತು. ಆ ಲಕೋಟೆಯನ್ನು ಯಾರು ಒಡೆಯುತ್ತಾರೆ?

*

ಹೊರಗೆ ಕಾರು ನಿಂತಿತು. ಬಸಲಿಂಗಪ್ಪ ಕೋಲೂರಿಕೊಂಡು ಒಳಬಂದರು. ಹಿಂದೆ ಹಾರ ಹಿಡಿದ ಅನಿಕೇತ. ಈಗ ವಾಚನಾಲಯದ ಕಾರ್ಯದರ್ಶಿ, ‘ತಗಡು ಕತೆಯ ಅನಿಕೇತ’ ಎಂದರೆ ಬೆಳಗಾವಿಯ ಓದುವ ಮಂದಿಗೆಲ್ಲ ಗೊತ್ತು. ಆಮೇಲೆ ಬರೆದ ಯಾವುದೂ ಅಂಥದಾಗಲಿಲ್ಲ. ಅದನ್ನು ಅವನೂ ಬಲ್ಲ.

“ಬರ್ರಿ ಸಾವಕಾರ್ರ, ಕುಂದರ್ರಿ,” ಎಂದು ಸಿದ್ದಪ್ಪ ಚಾಪೆ ಹಾಸಿದ.

ಬಸಲಿಂಗಪ್ಪ ಕಣ್ಣೊರೆಸಿಕೊಂಡರು. ನಾಟಕವಲ್ಲ, ಅವರಿಗೆ ಖರೇನೇ ದುಃಖವಾಗಿತ್ತು. “ಇಪ್ಪತ್ತಾರು ವರ್ಷ ಒಂದು ದಿನಾ ಎದುರು ಮಾತಾಡ್ಲಿಲ್ಲ ನಮ್ಮ ಪ್ರಮಿಳಾ. ತಂಗಿ ಸಮೃದ್ಧಿ, ಹದಿಮೂರು ದಿನ ಮುಗಿಸಿಕೊಂಡು ಬಾ. ನಿಮ್ಮವ್ವನ ಜಾಗಾ ನಿಂದ.”

“ಕೈ ಮುಗಿಯವಾ,” ಎಂದು ಪಿಸುಗುಟ್ಟಿದ ಸಿದ್ದಪ್ಪ. ಸಮೃದ್ಧಿಯ ಕೈ ಏಳಲಿಲ್ಲ. ಅದೇ ಬಸ್ಸು, ಅದೇ ಕಿಟ್ಲಿ, ಅದೇ ಏಳನೇ ನಿಯಮ.

*

ಪ್ರತಿ ಶ್ರಾವಣದಲ್ಲಿ ವಾಚನಾಲಯ ಗಟ್ಟಿಯಾಗಿ ಓದುವ ಸ್ಪರ್ಧೆ ನಡೆಸುತ್ತಿತ್ತು. ಓದಬೇಕಾದ ಕತೆ ‘ತಗಡು’. ಪಾಲುಗೊಳ್ಳುವ ಮೂವತ್ತು ಮಕ್ಕಳಿಗೆ ಮೂವತ್ತು ಪ್ರತಿ. ಝೆರಾಕ್ಸ್‌ಗಿಂತ ಪ್ರಮಿಳಾಳ ಅಕ್ಷರ ಚೆಂದ ಎಂಬುದು ಅಧ್ಯಕ್ಷರ ಅಭಿಪ್ರಾಯ. ಕಂಪ್ಯೂಟರ್ ಬರುವ ತನಕ ಅವಳು ತನ್ನದೇ ಕತೆಯನ್ನು ಪ್ರತಿವರ್ಷ ಮೂವತ್ತು ಸಲ ಬರೆದು, ಮೂವತ್ತು ಸಲವೂ ಕೆಳಗೆ ಅನಿಕೇತನ ಹೆಸರು ಹಾಕಿದಳು.

“ಹೇಳಿ ಬಿಡವಾ,” ಎಂದಿದ್ದಳು ಸಮೃದ್ಧಿ, ಕಾಲೇಜಿಗೆ ಹೋಗುವಾಗ.

“ಏನಂತ ಹೇಳ್ಲಿ? ನಂದು ಅಂದ್ರ ನಾನು ನಿಯಮ ಮುರದ ಕಳ್ಳಿ. ನಂದಲ್ಲ ಅಂದ್ರ ಅಂವಂದು. ಯಾವ ಬಾಗಲಾ ತಗದ್ರೂ ನಾನ ಹೊರಗ.”

“ಅಕ್ಷರ ನಿಂದಲ್ಲ?”

ಪ್ರಮಿಳಾ ನಕ್ಕಿದ್ದಳು. “ಆ ಕಪಾಟಿನಾಗ ಇರೂ ಅಷ್ಟೂ ಕತಿ ನನ್ನ ಅಕ್ಷರದಾಗ ಅದಾವ, ಹುಚ್ಚಿ.”

*

“ಒಂದು ಕೆಲಸಾ ಮಾಡೂಣು,” ಎಂದರು ಬಸಲಿಂಗಪ್ಪ. “ಪ್ರಮಿಳಾ ಎಷ್ಟ ಸಲ ಬರದಾಳೋ ನಮ್ಮ ಅನಿಕೇತನ ಕತೀನ. ಆಕೀಗೆ ಭಾಳ ಸೇರತಿತ್ತು. ಅಂವಾ ಆಕೀ ಮುಂದ ಅದನ್ನ ಓದ್ಲಿ. ವಾಚನಾಲಯದ ಪರವಾಗಿ ಅದ ಶ್ರದ್ಧಾಂಜಲಿ.” ಜೋಳಿಗೆಯಿಂದ ಬಹುಮಾನಿತ ಕತೆಗಳ ಪುಸ್ತಕ ತೆಗೆದರು.

“ಮಾವಾ, ಈಗ ಬ್ಯಾಡ…” ಎಂದ ಅನಿಕೇತ.

“ಓದ್ರಿ,” ಎಂದಳು ಸಮೃದ್ಧಿ. ಅವಳು ಬಾಯಿಬಿಟ್ಟದ್ದಕ್ಕೆ ಎಲ್ಲರೂ ತಿರುಗಿ ನೋಡಿದರು. “ಓಣಿಯವರು ಯಾರೂ ಕೇಳಿಲ್ಲರಿ. ನಮ್ಮ ಮಂದಿ ಬೆಳಗಾವಿಗೆ ಸಂತಿಗೆ ಬರತಾರ, ಸಾಹಿತ್ಯಕ್ಕ ಬರೂದಿಲ್ಲ. ಓದ್ರಿ.”

ತಾಳ ನಿಂತಿತು. ಅನಿಕೇತ ಹೆಣದೆದುರು ಕಾಲು ಮಡಚಿ ಕುಳಿತ. ಬಾಗಿಲಿನ ತುಂಬ ಹೆಂಗಸರು.

“‘ಗಂಡ ರಸ್ತೆ ಕಡೆಯ ಕಿಟಕಿಗೆ ತಗಡು ಬಡಿದ. ಗಾಳಿಗೆ ಅಂದ. ಗಾಳಿ ಆ ಕಡೆಯಿಂದ ಬರುತ್ತಿರಲಿಲ್ಲ. ಅವಳು ತಗಡಿಗೆ ಮೊಳೆಯಿಂದ ಒಂದು ತೂತು ಕೊರೆದಳು. ತೂತಿನಾಚೆ ನಳ. ನಳದ ಸುತ್ತ ಕಾಲುಗಳು, ಕೈಗಳು. ಮುಖ ಕಾಣುವಷ್ಟು ದೊಡ್ಡ ತೂತು ಕೊರೆಯುವ ಧೈರ್ಯ ಅವಳಿಗಿರಲಿಲ್ಲ…’”

ಶಾಹಜಾದಿ ತಲೆಯೆತ್ತಿದಳು. ಕೋಣೆಗಿದ್ದ ಒಂದೇ ಕಿಟಕಿಗೆ ತುಕ್ಕು ಹಿಡಿದ ತಗಡು. ಅದನ್ನು ಬಡಿದ ಪ್ರಮಿಳಾಳ ಗಂಡ ಸತ್ತು ಇಪ್ಪತ್ತೆಂಟು ವರ್ಷವಾಗಿತ್ತು. ಒಂಟಿ ಹೆಂಗಸಿನ ಮನೆ, ಇರಲಿ ಬಿಡು ಎಂದು ಸಿದ್ದಪ್ಪ ಅದನ್ನು ಕೀಳಲು ಬಿಟ್ಟಿರಲಿಲ್ಲ.

“‘ಹಸಿರು ಬಳೆಯ ಮುದುಕಿ ನೀರು ಬಾರದ ನಳವನ್ನು ಎಮ್ಮೆಗೆ ಬೈದಂತೆ ಬೈದು, ಆಮೇಲೆ ಅದರ ಬೆನ್ನು ಸವರುತ್ತಾಳೆ…’”

“ಅಯ್ಯ, ನಮ್ಮ ಅತ್ತಿ!” ಎಂದಳು ಶಾಹಜಾದಿ. “ಸಾಯೂತನಾ ಹಂಗ ಮಾಡತಿದ್ಲು!”

“ಶ್, ಇದು ಸಾಹಿತ್ಯ,” ಎಂದರು ಬಸಲಿಂಗಪ್ಪ.

ಅನಿಕೇತನ ದನಿ ಇಳಿಯಿತು. “‘ಎಡಗಾಲಿನ ಕಿರುಬೆರಳಿಲ್ಲದವಳು ಯಾವಾಗಲೂ ಸಾಲು ಮುರಿಯುತ್ತಾಳೆ. ಭತ್ತ ಕೊಯ್ಯುವಾಗ ಕುಡಗೋಲಿಗೆ ಹೋದ ಬೆರಳು. ಒಂದು ಬೆರಳು ಕಡಿಮೆ ಇದ್ದವರಿಗೆ ಒಂದು ಕೊಡ ಹೆಚ್ಚು ಸಿಗಬೇಕು ಎಂಬುದು ಅವಳ ವಾದ…’”

ಆ ಬೆರಳಿನ ಬಗ್ಗೆ ತೀರ್ಪುಗಾರರು ಅರ್ಧ ಪುಟ ಬರೆದಿದ್ದರು. ಕಳೆದುಹೋದ ಅಸ್ಮಿತೆಯ ಸಂಕೇತವಂತೆ ಅದು. ಇಲ್ಲಿ ಕೋಣೆಯ ಅಷ್ಟೂ ಕಣ್ಣು ಸಂಗವ್ವನ ಚಾಚಿದ ಎಡಗಾಲಿನ ಮೇಲೆ ಬಿದ್ದವು. ನಾಲ್ಕು ಬೆರಳು. ಅನಿಕೇತನೂ ನೋಡಿದ.

ಸಂಗವ್ವ ಕಾಲು ಎಳೆದುಕೊಳ್ಳಲಿಲ್ಲ. “ಯಾರ್ರೀ ನಿಮಗ ನನ್ನ ಕಾಲ ತೋರಿಸಿದಾಂವ?”

“ಅದು… ಕಲ್ಪನಾ ಆಯಿ. ಕತಿ ಅಂದ್ರ ಕಲ್ಪನಾ.”

“ಬೆರಳ ಹೋಗಿದ್ದು ನಂದು, ಕಲ್ಪನಾ ನಿಮ್ದ?” ಅವಳು ಗೋಡೆ ಹಿಡಿದು ಎದ್ದು, ಹೆಣದ ಬದಿಗೆ ಸರಿದು, ತಗಡಿನ ತೂತಿಗೆ ಕಣ್ಣಿಟ್ಟಳು. “ನಳ ಕಾಣತೈತಿ,” ಎಂದಳು ತಿರುಗದೆ. “ನಾ ಅಲ್ಲಿ ಜಗಳಾಡೂದ ಎಲ್ಲಾ ನೋಡ್ಯಾಳ ನನ್ನ ಮಗಳು. ಒಮ್ಮೆರೆ ಹೊರಗ ಬಂದು ಬೈದಿದ್ರ ಆಗತಿರಲಿಲ್ಲ?”

“ಅವ್ವ ಬರದದ್ದು,” ಎಂದಳು ಸಮೃದ್ಧಿ. ಹದಿನೆಂಟು ವರ್ಷ ನುಂಗಿದ ಮಾತು ಇಷ್ಟು ಚಿಕ್ಕದಿತ್ತೇ ಎಂದು ಅವಳಿಗೇ ಆಶ್ಚರ್ಯವಾಯಿತು. “ನಲವತ್ತೊಂದನೇ ನಂಬರು. ಖಾಲಿ ಚೀಟಿ. ಅವ್ವಂದು.”

ಬಸಲಿಂಗಪ್ಪ ಕೋಲು ಕುಟ್ಟಿದರು. “ತಂಗಿ, ದುಃಖದಾಗ ಏನರೆ ಮಾತಾಡಬ್ಯಾಡ. ವಾಚನಾಲಯದ ಮರ್ಯಾದಿ ಪ್ರಶ್ನೆ ಐತಿ. ಪುರಾವೆ ಏನೈತಿ?”

“ಇಲ್ರಿ. ಪುರಾವೆ ಉಳೀಬಾರದು ಅಂತ ನೀವ ನಿಯಮಾ ಮಾಡಿದ್ರಿ.”

“ಸಮೃದ್ಧಿ!” ಸಿದ್ದಪ್ಪ ಹಲ್ಲು ಕಚ್ಚಿದ. “ಕೆಲಸಾ ಹೋಗತೈತಿ ನೋಡು!”

“ಹೋಗ್ಲಿ ಮಾವಾ.”

ಸಂಗವ್ವ ಅನಿಕೇತನೆದುರು ಬಂದು ಕುಳಿತಳು. “ನಾ ಸಾಲಿ ಕಲತಾಕಿ ಅಲ್ಲ. ಆದ್ರ ಬರದವರ ಹೆಸರು ಕಡೀಕ ಇರತೈತಿ ಅಂತ ಗೊತ್ತೈತಿ. ಕತಿ ಮುಗಿಸ್ರಿ. ಆಮ್ಯಾಲ ಹೆಸರೂ ಓದ್ರಿ.”

ಅವನು ಮುಗಿಸಿದ. ಓದದೆ ಬೇರೆ ದಾರಿಯಿರಲಿಲ್ಲ. ಬಾಗಿಲಲ್ಲಿ ಹೆಂಗಸರು, ಹಿಂದೆ ಗೋಡೆ, ಎದುರಿಗೆ ಕಣ್ಣು ಮುಚ್ಚಿ ನೆಟ್ಟಗೆ ಕುಳಿತ ಪ್ರಮಿಳಾ. ಕೊನೆಯ ಸಾಲಿಗೆ ಬಂದಾಗ ಅವನ ಹೆಬ್ಬೆರಳು ತಾನಾಗಿಯೇ ಪುಟದ ಕೆಳತುದಿಗೆ ಸರಿದು ಅಚ್ಚಾದ ಹೆಸರನ್ನು ಮುಚ್ಚಿತು.

“ಹೆಸರು?” ಎಂದಳು ಶಾಹಜಾದಿ.

ಅವನು ಮಾವನತ್ತ ನೋಡಿದ. ಬಸಲಿಂಗಪ್ಪ ಮೊದಲ ಸಲ ಅವನ ಕಣ್ಣು ತಪ್ಪಿಸಿ ನೆಲ ನೋಡಿದರು.

“ಹೊತ್ತ ಮುಳಗೂದರಾಗ ಮಣ್ಣ ಕೊಡಬೇಕ್ರಿ. ಕುಣಿ ತಗದ ಕುಂತಾರ,” ಎಂದು ಸಿದ್ದಪ್ಪ ಪಟ್ಟಿ ಬಿಚ್ಚಲು ಮೊಳೆಗೆ ಕೈಹಾಕಿದ. “ಏಳ್ರಿ ಎಲ್ಲಾರೂ. ದಾರಿ ಬಿಡ್ರಿ.”

ಸಂಗವ್ವ ಎದ್ದಳು. ದಾರಿ ಬಿಡಲಿಲ್ಲ. ನಡೆದುಹೋಗಿ ಹೊಸ್ತಿಲ ಮೇಲೆ, ಎರಡೂ ಕಾಲು ಚಾಚಿ, ಅಡ್ಡ ಕುಳಿತಳು. “ಹೆಸರ ಹೇಳೂತನಾ ಹೆಣ ಏಳೂದಿಲ್ಲ.”

ಶಾಹಜಾದಿ ಅವಳ ಪಕ್ಕ ಕುಳಿತಳು. ಆಮೇಲೆ ಇನ್ನೊಬ್ಬಳು. ಆಮೇಲೆ ಅಂಗಳದಲ್ಲಿ ನಿಂತಿದ್ದವರು. ಅನಿಕೇತನ ಹೆಬ್ಬೆರಳಿನ ಸುತ್ತ ಕಾಗದ ಬೆವರಿಗೆ ತೊಯ್ಯುತ್ತಿತ್ತು. ಅವನು ಅದನ್ನು ಎತ್ತಲಿಲ್ಲ.

ಹೊರಗೆ ನಾಲ್ಕು ಮಂದಿ ಆಗಲೇ ಖಾಲಿ ವಿಮಾನವನ್ನು ಬಾಗಿಲಿಗೆ ತರಲು ಹೆಗಲಿಗೇರಿಸಿದ್ದರು. ಒಳಗೆ ಇಣುಕಿದರು. ಒಬ್ಬರ ಮುಖ ಒಬ್ಬರು ನೋಡಿದರು. ನಂತರ, ಹೂ ಉದುರದ ಹಾಗೆ ನಿಧಾನವಾಗಿ, ಅದನ್ನು ಮತ್ತೆ ನೆಲಕ್ಕಿಳಿಸಿ, ಅದರ ಸುತ್ತ ತಾವೂ ಕುಳಿತರು.