ಅರ್ಧ ಮೀಸೆ

ಲಕ್ವ ಹೊಡೆದ ಮೇಲೆ ಕಂಡಕ್ಟರ್ ಯಜಮಾನರ ಕೈಕಾಲೇನೋ ಹಿಡಿತಕ್ಕೆ ಬಂದವು, ನಾಲಿಗೆ ಮಾತ್ರ ಬರಲಿಲ್ಲ. ಅವರು ಬಸ್ಸಿನ ಬಾಗಿಲಲ್ಲಿ ನಿಂತು ಕೂಗಿದರೆ ನಿದ್ದೆ ಹೋದವರೂ ಎದ್ದು ಇಳಿಯುತ್ತಿದ್ದರು, ಅಂಥ ಗಂಟಲು. ಈಗ ಆ ಬಾಯಿಗೆ ಬರುವುದು ಒಂದೇ, 'ಹೂಂ'. ಬೇಕಾದರೂ ಹೂಂ, ಬೇಡವಾದರೂ ಹೂಂ. ಉಳಿದ ಮಾತೆಲ್ಲ ಹೆಂಡತಿಯದೇ.

ಅವತ್ತು ಬೆಳಿಗ್ಗೆ ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಅವಳನ್ನೇ ತರಾಟೆಗೆ ತೆಗೆದುಕೊಂಡರು. "ಅಮ್ಮ, ನಾನು ಕೇಳಿದ್ದು ಅವರನ್ನ. ಎಲ್ಲಾ ನೀವೇ ಹೇಳ್ಬಿಟ್ರೆ ಅವರಿಗೆ ಬಾಯಿ ಯಾಕೆ? ಸ್ವಲ್ಪ ಕಾಯಿರಿ. ಹೂಂ ಅಂದ್ರೆ ಇನ್ನೊಂದ್ಸಲ ಕೇಳಿ, ನಿಜವಾಗ್ಲೂ ಅದೇನಾ ಅಂತ."

ಎಲ್ಲರೆದುರು ಹೇಳಿಸಿಕೊಂಡದ್ದು ಚುರುಕ್ಕೆಂದಿತು. ಸರಿ, ಇನ್ನು ತುಟಿ ಪಿಟಕ್ಕೆನ್ನುವುದಿಲ್ಲ ಎಂದುಕೊಂಡು, ಮುಖ ಊದಿಸಿಕೊಂಡೇ ಅವರನ್ನು ಕಟಿಂಗ್ ಶಾಪಿಗೆ ಕರೆತಂದಳು.

ಕ್ಷೌರಿಕ ಹೊಸಬ, ಮಾತಿನ ಮಲ್ಲ. ಗಡ್ಡ ಮುಗಿಸಿ ಕೇಳಿದ, "ಮೀಸೇನೂ ತೆಗೆದುಬಿಡ್ಲಾ ಅಣ್ಣ? ಹುಡುಗನ ಥರ ಕಾಣ್ತೀರ. ಅಕ್ಕ ಗುರುತೇ ಹಿಡಿಯಲ್ಲ."

"ಹೂಂ."

ಮದುವೆಗೂ ಮುಂಚಿನ ಮೀಸೆ ಅದು. ಇದು ಬೇಡದ ಹೂಂ ಎಂದು ಬೆಂಚಿನ ಮೇಲಿದ್ದ ಅವಳಿಗೆ ಗೊತ್ತಿತ್ತು. ಬಾಯಿ ತೆರೆದಳು. ನಾನಿಲ್ಲದಿದ್ದರೆ ಏನಾಗುತ್ತೆ ಅಂತ ಆ ಮೇಡಂಗೂ ತಿಳಿಯಲಿ ಎಂದು ಮತ್ತೆ ಮುಚ್ಚಿದಳು.

ಒಂದು ಕಡೆಯದು ಹೋಯಿತು.

"ಏಯ್, ನಿಲ್ಸಪ್ಪ," ಎಂದ ಪಕ್ಕದಲ್ಲಿ ಕಾಯುತ್ತಿದ್ದ ಲಾರಿ ಡ್ರೈವರ್. "ಯಜಮಾನ್ರು ಅಳ್ತಾ ಇದಾರೆ."

ಕ್ಷೌರಿಕನ ಕೈ ಗಾಳಿಯಲ್ಲೇ ನಿಂತಿತು. "ಅವರೇ ಹೂಂ ಅಂದ್ರಲ್ಲಕ್ಕಾ."

"ನಿನ್ ತಪ್ಪಿಲ್ಲಪ್ಪ. ನಂಗೆ ಗೊತ್ತಿತ್ತು, ಸುಮ್ನಿದ್ದೆ."

"ಗೊತ್ತಿದ್ದೂನಾ?" ಎಂದ ಡ್ರೈವರ್.

ಅವಳು ಬೆಂಚಿನಿಂದ ಎದ್ದಳು.

"ಉಳಿದಿದ್ದೂ ತೆಗೀಲಾ? ಅರ್ಧ ಇಟ್ಕೊಂಡು ಹೇಗೆ ಹೋಗ್ತಾರೆ?" ಕ್ಷೌರಿಕ ಕೇಳಿದ್ದು ಅವಳನ್ನು.

ತೆಗಿ ಎನ್ನಲು ಹೋದವಳು ತಡೆದುಕೊಂಡು, ಕುರ್ಚಿಯ ಮುಂದೆ ಬಂದು ನಿಂತಳು. "ರೀ, ಉಳಿದಿದ್ದು ತೆಗೀಲಾ ಅಂತ ಕೇಳ್ತಿದಾನೆ."

"ಹೂಂ."

"ನಿಜವಾಗ್ಲೂ?"

ಅವರ ತುಟಿ ಒದ್ದಾಡಿತು, ಕತ್ತಿನ ನರ ಉಬ್ಬಿತು. ಅವಳ ಬಾಯಲ್ಲಿ ಆ ಮಾತು ಸಿದ್ಧವಾಗಿಯೇ ಇತ್ತು. ಹಲ್ಲು ಕಚ್ಚಿ ಕಾದಳು.

"ಬೇ... ಬೇಡ."

ಡ್ರೈವರ್ ತೊಡೆ ತಟ್ಟಿದ. ಅವಳು ಮಾತ್ರ ಟವೆಲ್ಲಿನಿಂದ ಅವರ ಕೆನ್ನೆಯ ನೊರೆ ಒರೆಸುತ್ತಾ ನಿಂತಳು, ಕಣ್ಣಿಗೆ ಕಣ್ಣು ಕೊಡದೆ.

ಅರ್ಧ ಮೀಸೆಯಲ್ಲೇ ಹೊರಟರು. ಬೀದಿ ತಿರುವಿನಲ್ಲಿ ಪಕ್ಕದ ಮನೆಯಾಕೆ ಎದುರಾಗಿ ನಕ್ಕಳು. "ಏನ್ರೀ ಅಣ್ಣ ಇದು ವೇಷ?"

ಹೆಂಡತಿ ಅವರಿಗಾಗಿ ಕಾದಳು. ಅವರು ಅವಳತ್ತ ತಿರುಗಿ ನೋಡಿದರು.

"ನನ್ನಿಂದ ಆಗಿದ್ದು," ಎಂದಳು ನೆಲ ನೋಡುತ್ತಾ.