ಸಾಯಬೇಕಾಗಿದ್ದ ತೊಂಬತ್ತೊಂಬತ್ತು ಸಸಿಗಳು

ಹಸಿರುಮನೆಯ ಗಿಡ ನೋಡಿಕೊಳ್ಳುವ ಹೆಂಗಸನ್ನು ಆ ಬೀಜ ಕೇಂದ್ರದಲ್ಲಿ ಎಲ್ಲರೂ ಅತ್ತಿಗೆ ಎಂದೇ ಕರೆಯುತ್ತಿದ್ದರು. ಅಲ್ಲಿನ ಕಾವಲುಗಾರ ಅವಳ ಸ್ವಂತ ಮೈದುನ. ಅವನ ಬಾಯಿಂದ ಕೇಳಿ ಕೇಳಿ ದೊಡ್ಡ ಸಾಹೇಬರಿಗೂ ಅದೇ ರೂಢಿಯಾಗಿತ್ತು.

ಹತ್ತು ದಿನದ ರಜೆ ಮುಗಿಸಿ ಬಂದ ಅತ್ತಿಗೆ ಬಾಗಿಲು ತೆಗೆದವಳೇ ಎದೆ ಹಿಡಿದುಕೊಂಡಳು. ಕಿಟಕಿ ಪಕ್ಕದ ಟ್ರೇಯ ನೂರು ಸೂರ್ಯಕಾಂತಿ ಸಸಿಗಳಲ್ಲಿ ತೊಂಬತ್ತೊಂಬತ್ತು ಹಳದಿಯಾಗಿ ಮುದುಡಿ ಮಲಗಿದ್ದವು. ಒಂದು ಮಾತ್ರ ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಕತ್ತೆತ್ತಿ ನಿಂತಿತ್ತು.

ಅತ್ತಿಗೆ ನೇರ ಗೇಟಿಗೆ ಹೋದಳು. "ನೀರು ಹಾಕು ಅಂದ್ರೆ ನಿದ್ದೆ ಹೊಡೆದ್ಯಾ?"

"ನಿಮ್ಮಾಣೆ ಅತ್ತಿಗೆ, ದಿನಾ ಎರಡು ಹೊತ್ತು ಹಾಕಿದೀನಿ!"

"ನನ್ನಾಣೆ ಯಾಕೋ? ನಾನಿನ್ನೂ ಬದುಕಬೇಕು. ನಿನ್ನಾಣೆ ಹಾಕು."

ಮೈದುನ ಆಕಾಶ ನೋಡಿದ. ಅಲ್ಲಿಗೆ ತೀರ್ಪಾಯಿತು.

ಈ ಸಸಿಗಳನ್ನು ಬೆಳೆಸುತ್ತಿದ್ದ ವಿಜ್ಞಾನಿ, ಎಲ್ಲರ ಬಾಯಲ್ಲಿ ಗಿಡದ ಡಾಕ್ಟರಮ್ಮ, ನೋಡಿದರೆ ಇವನ ಕೆಲಸ ಹೋಗುತ್ತದೆ, ಇವನನ್ನು ನಂಬಿದ ತನ್ನದೂ. ಮೂಲೆಯಲ್ಲಿ ಅದೇ ವಯಸ್ಸಿನ ಮಾಮೂಲಿ ಸೂರ್ಯಕಾಂತಿ ಸಸಿಗಳ ಟ್ರೇ ಇತ್ತು. ಒಂದು ಗಂಟೆಯಲ್ಲಿ ಸತ್ತ ಸಸಿಗಳು ಗೊಬ್ಬರದ ಗುಂಡಿ ಸೇರಿದವು, ಅವುಗಳ ಜಾಗಕ್ಕೆ ಹೊಸವು ಬಂದವು.

ಹತ್ತು ಗಂಟೆಗೆ ಬಂದ ಡಾಕ್ಟರಮ್ಮನ ಕೈಯಿಂದ ನೀರಿನ ಬಾಟಲಿ ಜಾರಿತು.

"ಒಂದೂ ಸತ್ತಿಲ್ಲ!"

"ಎಲ್ಲಾ ನಮ್ಮ ಮೈದುನನ ಕೈಗುಣ ಅಮ್ಮಾ."

"ಕಳೆ ಔಷಧಿ ಹೊಡೆದ್ರೂ ಸತ್ತಿಲ್ಲ ಅತ್ತಿಗೆ!"

"ಯಾವ ಔಷಧಿ?"

ಹೊಲದ ಸೂರ್ಯಕಾಂತಿಗೆ ಕಳೆ ಔಷಧಿ ತಾಗಿದರೆ ಕಳೆಯ ಜೊತೆ ಅದೂ ಸಾಯುತ್ತದೆ. ಅದರ ಕಾಡು ದಾಯಾದಿಯೊಂದು ಅದೇ ಔಷಧಿ ಕುಡಿದು ಇನ್ನಷ್ಟು ಕೊಬ್ಬುತ್ತದೆ. ಡಾಕ್ಟರಮ್ಮ ಏಳು ವರ್ಷದಿಂದ ಇವೆರಡಕ್ಕೂ ಬೀಗತನ ಬೆಳೆಸುತ್ತಿದ್ದರು: ಹೊಲದ್ದರ ರೂಪ, ಕಾಡಿನದರ ಮೊಂಡುತನ ಒಂದೇ ಗಿಡಕ್ಕೆ ಬರಲಿ ಎಂದು. ಅತ್ತಿಗೆ ರಜೆ ಹೋದ ಮಾರನೆಯ ದಿನವೇ ಔಷಧಿ ಹೊಡೆದಿದ್ದರು. ಟ್ರೇಗೆ ಅಂಟಿಸಬೇಕಿದ್ದ 'ಔಷಧಿ ಹೊಡೆದಿದೆ' ಎಂಬ ಚೀಟಿ ಮಾತ್ರ ಎಂದಿನಂತೆ ಅವರ ಕೋಟಿನ ಜೇಬಿನಲ್ಲೇ ಉಳಿದಿತ್ತು. ಈಗ ಅರ್ಧ ಬಿಸ್ಕತ್ತಿನ ಜೊತೆ ಹೊರಗೆ ಬಂತು.

"ಒಂದು ಉಳಿದ್ರೂ ಸಾಕು ಅಂತಿದ್ದೆ. ತಾಳಿ, ದೊಡ್ಡ ಸಾಹೇಬರನ್ನ ಕರೀತೀನಿ!"

ಅತ್ತಿಗೆ ಬಾಗಿಲಿಗೆ ಅಡ್ಡ ನಿಂತು ಇದ್ದದ್ದೆಲ್ಲ ಹೇಳಿಬಿಟ್ಟಳು. ಡಾಕ್ಟರಮ್ಮ ಬಕೆಟ್ಟಿನ ಮೇಲೆ ಕುಸಿದರು. ಬಕೆಟ್ಟು ಬೋರಲಾಗಿರಲಿಲ್ಲ, ಖಾಲಿಯೂ ಇರಲಿಲ್ಲ.

"ಉಳಿದಿದ್ದ ಆ ಒಂದು ಯಾವುದು?" ಎಂದರು ಬಕೆಟ್ಟಿನೊಳಗಿಂದಲೇ.

"ಸಾಲು ಚೆಂದ ಕಾಣಲಿ ಅಂತ ಅದನ್ನೂ ಕಿತ್ತು, ಉದ್ದ ಗಿಡ್ಡ ನೋಡಿ ಜೋಡಿಸಿಬಿಟ್ಟೆ ಅಮ್ಮಾ."

ಏಳು ವರ್ಷದ ದುಡಿಮೆ ನೂರು ಸಸಿಗಳ ನಡುವೆ ಕಳೆದುಹೋಗಿತ್ತು. ಡಾಕ್ಟರಮ್ಮನನ್ನು ಎಳೆದು ಎಬ್ಬಿಸುತ್ತಾ ಅತ್ತಿಗೆ ಹೇಳಿದಳು: "ಇನ್ನೊಂದು ಸಲ ಹೊಡೀರಿ. ನಿಮ್ಮ ಗಿಡ ತಾನೇ ಎದ್ದು ನಿಲ್ಲುತ್ತೆ."

"ಎರಡನೇ ಸಲ ತಡೀದಿದ್ರೆ?"

"ತಡೀದಿರೋದನ್ನ ಇಟ್ಕೊಂಡು ಏನು ಮಾಡ್ತೀರಿ? ರೈತ ಒಂದೇ ಸಲ ಹೊಡೆದು ಸುಮ್ಮನಿರ್ತಾನಾ?"

ಹೊಡೆದರು. ಚೀಟಿಯನ್ನು ಅತ್ತಿಗೆಯೇ ಜೇಬಿನಿಂದ ಕಿತ್ತು ಅಂಟಿಸಿದಳು. ತಾನೇ ನೆಟ್ಟ ಕೂಸುಗಳು ದಿನದಿನಕ್ಕೆ ಬಾಡುವುದನ್ನು ಲೊಚಗುಟ್ಟುತ್ತಾ ನೋಡಿದಳು. ಹತ್ತನೆಯ ದಿನ ಬೆಳಿಗ್ಗೆ ತೊಂಬತ್ತೊಂಬತ್ತು ಮಲಗಿದ್ದವು. ಮೂರನೇ ಸಾಲಿನಲ್ಲಿ ಒಂದು, ಅದೇ ಜಂಬದಲ್ಲಿ, ಕತ್ತೆತ್ತಿ ನಿಂತಿತ್ತು. ಡಾಕ್ಟರಮ್ಮ ಅತ್ತಿಗೆಯನ್ನು ತಬ್ಬಿಕೊಂಡು ಒಂದು ಸುತ್ತು ತಿರುಗಿಸಿಬಿಟ್ಟರು.

ತಲೆಸುತ್ತು ಇಳಿದ ಮೇಲೆ ಅತ್ತಿಗೆ ಗೇಟಿಗೆ ಹೋದಳು. "ನೀನು ನೀರು ಹಾಕಿದ್ದೆ ಕಣೋ. ತಪ್ಪು ನಂದೇ. ಆದ್ರೆ ಅವತ್ತು ನಿನ್ನಾಣೆ ಯಾಕೆ ಹಾಕಲಿಲ್ಲ?"

ಮೈದುನ ಮತ್ತೆ ಆಕಾಶ ನೋಡಿದ.

"ಒಂದು ಸಂಜೆ ಮರೆತಿದ್ದೆ ಅತ್ತಿಗೆ."